ಲಿಲ್ಲಿ ಆಂಟಿ ಕೇಳುತ್ತಿದ್ದ ಟವೆಲ್

ಲಿಲ್ಲಿ ಆಂಟಿ ಯಾರ ಮನೆಯ ಕಂಪ್ಯೂಟರಿನ ಮುಂದೆ ಕೂತರೂ ಮೊದಲು ಕೇಳುತ್ತಿದ್ದದ್ದು ಸ್ಕ್ರೂಡ್ರೈವರ್ ಅಲ್ಲ, ಟವೆಲ್. ಅದನ್ನು ಬಿಡಿಸಿ ಮಾನಿಟರಿನ ಮೇಲೆ ಇಳಿಬಿಡುತ್ತಿದ್ದರು. ಆಮೇಲೆ ಬೇಕಾದಾಗ ಒಂದು ಮೂಲೆ ಎತ್ತಿ, ನೋಡಬೇಕಾದಷ್ಟು ನೋಡಿ, ಮತ್ತೆ ಮುಚ್ಚುವುದು. ಕುದಿಯುವ ಪಾತ್ರೆಯ ತಟ್ಟೆ ಸರಿಸಿ ಇಣುಕುವವರ ಹಾಗೆ ಕಾಣುತ್ತಿತ್ತು. ಯಾಕೆ ಆಂಟಿ ಎಂದರೆ, "ಬೇರೆಯವರ ಮನೆಯ ಕಪಾಟು ಮಾರಾಯ್ತಿ. ಬಾಗಿಲು ರಿಪೇರಿಗೆ ಬಂದವಳು ಸೀರೆ ಎಷ್ಟುಂಟು ಅಂತ ಲೆಕ್ಕ ಮಾಡ್ಬಾರ್ದು" ಎನ್ನುತ್ತಿದ್ದರು.

ನ್ಯೂಯಾರ್ಕಿಗೆ ಹತ್ತಿರದ ಮಾನ್ಮತ್ ಜಂಕ್ಷನ್ನಿನ ನಮ್ಮ ಟೌನ್‌ಹೌಸ್ ಸಾಲಿನ ಕೊನೆಯ ಮನೆ ಅವರದು. ಮಂಗಳೂರಿನ ಕಡೆಯವರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಪಕ್ಕದ ಊರಾದ ಕ್ರ್ಯಾನ್‌ಬರಿಯ ಒಂದು ಔಷಧ ಕಂಪನಿಯಲ್ಲಿ ಎಲ್ಲರ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ. ಭಾನುವಾರ ಚರ್ಚಿನಲ್ಲಿ ಹಾಡುತ್ತಿದ್ದರು, ಅದಕ್ಕೇ ಇರಬೇಕು, ಮಾತು ಯಾವಾಗಲೂ ಹಿಂದಿನ ಸಾಲಿಗೂ ಕೇಳುವಷ್ಟು ಜೋರು. ನೀರುದೋಸೆ ಕೊಡಲು ಬಂದರೆ ಬಾಗಿಲು ತಟ್ಟುವ ಮೊದಲೇ ನನಗೆ ಗೊತ್ತಾಗುತ್ತಿತ್ತು.

ಆ ವರ್ಷ ನಮ್ಮವರ ಕೆಲಸ ಹೋಗಿತ್ತು. ನ್ಯೂಯಾರ್ಕಿನ ಆಫೀಸಿನಲ್ಲಿ ಒಂದು ಇಡೀ ಮಹಡಿಯನ್ನೇ ಖಾಲಿ ಮಾಡಿಸಿದ್ದರು. ನಾವು ಯಾರಿಗೂ ಹೇಳಿರಲಿಲ್ಲ. ಮನೆಗೊಂದು ಅಡುಗೆ ತಂದು ಒಟ್ಟಿಗೆ ಉಣ್ಣುವ ಇಲ್ಲಿನ ಪಾಟ್‌ಲಕ್ಕುಗಳಲ್ಲಿ ಹೆಸರು ಕೇಳುವ ಮೊದಲು "ಯಾವ ಕಂಪನಿ?" ಎಂದು ಕೇಳುವುದು ರೂಢಿ. ನಾವು ಪಾಟ್‌ಲಕ್ಕಿಗೆ ಹೋಗುವುದನ್ನೇ ಬಿಟ್ಟೆವು. ಇವರು ಬೆಳಿಗ್ಗೆ ಗಡ್ಡ ಹೆರೆದು, ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು, ಮಹಡಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂರುತ್ತಿದ್ದರು. ಕಾರು ಗರಾಜಿನೊಳಗೆ. ಬೀದಿಗೆ ಕಾಣುವ ಕಿಟಕಿಯ ಪರದೆ ಇಳಿಸಿಯೇ ಇರುತ್ತಿತ್ತು. ಮೊದಲಿನಿಂದಲೂ ಕತ್ತಲಲ್ಲಿ ಹೊರಟು ಕತ್ತಲಲ್ಲಿ ಬರುತ್ತಿದ್ದ ಮನುಷ್ಯ. ಹಾಗಾಗಿ ಬೀದಿಯಲ್ಲಿ ಇವರ ಮುಖ ಗೊತ್ತಿದ್ದವರೇ ಕಡಿಮೆ. ಅದೇ ಆಗ ಅನುಕೂಲವಾಯಿತು ಎಂದು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ.

ಲ್ಯಾಪ್‌ಟಾಪ್ ಕಂಪನಿಯದು, ವಾಪಸು ಹೋಯಿತು. ಉಳಿದದ್ದು ಕೆಳಗಿನ ಕೋಣೆಯ ಹಳೆಯ ಡೆಸ್ಕ್‌ಟಾಪ್. ಅದನ್ನು ಆನ್ ಮಾಡಿ ಅನ್ನಕ್ಕೆ ಇಟ್ಟರೆ ಕುಕ್ಕರೇ ಮೊದಲು ಕೂಗುತ್ತಿತ್ತು. ಕೆಲಸಕ್ಕೆಂದು ಒಂದು ಕಂಪನಿಯವರು ಇಂಟರ್ನೆಟ್ಟಿನಲ್ಲಿ ಪರೀಕ್ಷೆ ಇಟ್ಟಾಗ ಅದು ನಡುವೆಯೇ ನಿಂತುಬಿಟ್ಟಿತು. ಇವರು ಕೀಬೋರ್ಡಿನ ಮೇಲೆ ಕೈಯಿಟ್ಟು ಹಾಗೇ ಕೂತಿದ್ದರು. ಇನ್ನೊಂದು ಪರೀಕ್ಷೆ ಮುಂದಿನ ವಾರವಿತ್ತು. ಹೊಸ ಕಂಪ್ಯೂಟರ್ ಕೊಳ್ಳುವ ಕಾಲವಲ್ಲ. ಸಾಲಿಡ್ ಸ್ಟೇಟ್ ಡ್ರೈವ್ ಅಂತ ಒಂದು ಬಂದಿದೆ, ಹಳೆಯ ಡಿಸ್ಕಿನ ಜಾಗಕ್ಕೆ ಅದನ್ನು ಹಾಕಿದರೆ ಚುರುಕಾಗುತ್ತದಂತೆ ಎಂದು ಇವರೇ ಓದಿ ಹೇಳಿದರು.

"ಲಿಲ್ಲಿ ಆಂಟೀನ ಕೇಳಲಾ?" ಎಂದೆ.

"ಕೇಳು. ನಂಗೆ ಅಂತ ಹೇಳ್ಬೇಡ ಕಣೇ."

ಮಗಳ ಸ್ಕೂಲ್ ಪ್ರಾಜೆಕ್ಟಿಗೆ ಎಂದು ಫೋನಿನಲ್ಲಿ ಹೇಳಿದೆ. ಆಂಟಿ ಹೆಚ್ಚು ಕೇಳಲಿಲ್ಲ. "ಮೊದಲು ಡಬ್ಬದ ಸೈಡ್ ತೆಗಿ ಸುಮಾ. ಡಿಸ್ಕಿಗೆ ಹೋಗುವ ವೈರ್ ಎಂತದು? ಅಗಲ ರಿಬ್ಬನ್ನಾ, ಸಪೂರ ಕೆಂಪಾ?"

"ಸಣ್ಣದು ಆಂಟಿ. ಕೆಂಪಗಿದೆ."

"ಬಚಾವ್. ಅಗಲದ್ದಾಗಿದ್ರೆ ಹೊಸದು ಕೂರುದಿಲ್ಲ, ಕೈಮುಗಿದು ಬಿಡ್ತಿದ್ದೆ."

ಶನಿವಾರ ರೂಟ್ ಒಂದು ಎಂಬ ಹೆದ್ದಾರಿಯ ಮೇಲಿನ ಅಂಗಡಿಗೆ ನಾನೂ ಆಂಟಿಯೂ ಹೋದೆವು. ಬೀಗ ಹಾಕಿದ ಗಾಜಿನ ಬೀರುವಿನಲ್ಲಿ ಒಡವೆಯಂತೆ ಇಟ್ಟಿದ್ದರು ಆ ಡ್ರೈವ್‌ಗಳನ್ನು. ನನ್ನ ಬುದ್ಧಿಗೆ ಏನಾಯಿತೋ, ದೊಡ್ಡದಕ್ಕೇ ಕೈ ತೋರಿಸಿದೆ. ಕಡಿಮೆ ಬೆಲೆಯದನ್ನು ಕೇಳಿದರೆ ಮನೆಯ ಸ್ಥಿತಿ ಗೊತ್ತಾಗಿಬಿಡುತ್ತದೆ ಎಂಬ ಭಯ. "ತೊಗೊಳ್ಳೋದು ತೊಗೋತೀವಿ, ಒಳ್ಳೇದೇ ಇರಲಿ ಆಂಟಿ" ಎಂದು ಧಾರಾಳವಾಗಿ ಬೇರೆ ಹೇಳಿದೆ. ಅಂಗಡಿಯ ಹುಡುಗನ ಮುಖ ಅರಳಿತು.

ಆಂಟಿ ಡಬ್ಬ ತಿರುಗಿಸಿ, ಕನ್ನಡಕ ಮೂಗಿನ ತುದಿಗಿಳಿಸಿ, ಹಿಂದಿನ ಸಣ್ಣ ಅಕ್ಷರಗಳನ್ನು ಓದಿ ವಾಪಸು ಕೊಟ್ಟರು. "ಎಂತಕ್ಕೆ ಇದು? ನಿನ್ನ ಮಷೀನಿನ ಬಾಯಿ ಹೂಜಿಯ ಬಾಯಿ. ಕೊಡಪಾನದಲ್ಲಿ ಹೊಯ್ದರೆ ಒಳಗೆ ಹೋಗುದು ಅಷ್ಟೇ, ಉಳಿದದ್ದು ನೆಲ ಒದ್ದೆ. ಇಷ್ಟು ಸ್ಪೀಡಿಗೆ ದುಡ್ಡು ಕೊಟ್ರೆ ಅದು ಕುಡಿಯುದೇ ಇಲ್ಲ." ಆಮೇಲೆ ಎಲ್ಲಕ್ಕಿಂತ ಕೆಳಗಿದ್ದ ಚಿಕ್ಕದನ್ನು ತೋರಿಸಿದರು. "ಇದರಲ್ಲಿ ವಿಂಡೋಸ್ ಒಂದು ಇದ್ರೆ ಸಾಕು. ಫೋಟೋ, ಪಿಕ್ಚರು ಎಲ್ಲ ಹಳೇ ಡಿಸ್ಕಿನಲ್ಲೇ ಇರ್ಲಿ. ನಿನ್ನ ಮಗಳ ಬರ್ತ್‌ಡೇ ಫೋಟೋಕ್ಕೆ ಅವಸರ ಎಂತದು?"

"ಕಮ್ಮೀದು ಬಾಳಿಕೆ ಬರುತ್ತಾ?"

"ಕಂಪನಿ ಗ್ಯಾರಂಟಿ ಎಷ್ಟು ವರ್ಷ ನೋಡು, ಎರಡಕ್ಕೂ ಒಂದೇ. ಬಾ."

ಕೌಂಟರಿನಲ್ಲಿ ನಾನು ಕಾರ್ಡು ಕೊಡುವಾಗ ಅವರು ಆ ಕಡೆ ತಿರುಗಿ ಬ್ಯಾಟರಿಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ಸೋಮವಾರ ಆಂಟಿ ಅರ್ಧ ದಿನ ರಜೆ ಹಾಕಿ ಬಂದರು. ಇವರು ಮೊದಲೇ ಮಹಡಿ ಹತ್ತಿದ್ದರು. ಆಂಟಿಗೆ ಟವೆಲ್ ಕೊಟ್ಟೆ. ಪರದೆಯ ಮೇಲೆ ಇವರ ರೆಸ್ಯೂಮೆಗಳೇ ಸಾಲಾಗಿದ್ದವು. ಅವು ಕಾಣುವ ಮೊದಲೇ ಟವೆಲ್ ಇಳಿಯಿತು. ನನಗೆ ಉಸಿರು ಬಂತು. ಆಂಟಿ ಕಂಪ್ಯೂಟರ್ ಆಫ್ ಮಾಡಿ, ನೆಲದ ಮೇಲೆ ಕೂತು ಸ್ಕ್ರೂ ಬಿಚ್ಚಿದರು. ಬಿಸ್ಕತ್ತಿನ ಪೊಟ್ಟಣಕ್ಕಿಂತ ಚಿಕ್ಕದಾದ ಆ ಡ್ರೈವನ್ನು ಎರಡು ಬದಿಯೂ ಅಂಟುವ ಟೇಪಿನಿಂದ ಡಬ್ಬದ ಗೋಡೆಗೆ ಒತ್ತಿ ನಿಲ್ಲಿಸಿದರು. "ಒಳಗೆ ತಿರುಗುವಂತದ್ದು ಎಂತದೂ ಇಲ್ಲ, ಎಲ್ಲಿ ಬೇಕಾದ್ರೂ ನೇತು ಹಾಕು."

ವಿಂಡೋಸ್ ಅರ್ಧ ಇಳಿದಿತ್ತು. ನಾನು ಕಾಫಿ ತರುತ್ತಿದ್ದೆ. ಆಗ ಮೇಲಿನಿಂದ ಸೀನು ಬಂತು.

ನಮ್ಮವರ ಸೀನು ಒಂದಕ್ಕೆ ನಿಲ್ಲುವುದಲ್ಲ, ಸರಪಟಾಕಿ. ಈ ದೇಶದ ಮನೆಗಳ ಗೋಡೆಯೋ ರಟ್ಟು. ಕೊನೆಯದನ್ನು ಅವರು ಬಾಯಿ ಒತ್ತಿ ಹಿಡಿದದ್ದು ಕೂಡ ಕೇಳಿಸಿತು. ಇವತ್ತು ಮೈ ಸರಿಯಿಲ್ಲ, ಯಾರೋ ನೆಂಟರು, ಏನಾದರೂ ಹೇಳಬೇಕಿತ್ತು. ಕಾಫಿಯ ಲೋಟ ಆಂಟಿಯ ಪಕ್ಕ ಇಟ್ಟೆ.

ಆಂಟಿ ತಲೆ ಎತ್ತಲಿಲ್ಲ. ಒಂದು ಗುಟುಕು ಕಾಫಿ ಕುಡಿದು, ಮಾಮೂಲಿಗಿಂತ ಜೋರು ದನಿಯಲ್ಲಿ ಶುರುಮಾಡಿದರು. "ಕೇಳು ಸುಮಾ, ಸರಿ ಕೇಳು. ಇದನ್ನು ಭರ್ತಿ ತುಂಬಿಸ್ಬಾರ್ದು, ಸ್ವಲ್ಪ ಖಾಲಿ ಬಿಡ್ಬೇಕು. ಡಿಫ್ರಾಗ್ ಮಾಡುದು ಬೇಡ. ಮುಖ್ಯ ಕೆಲಸ ಇರುವ ದಿನ ಮೊದಲೇ ಒಮ್ಮೆ ಆಫ್ ಮಾಡಿ ಆನ್ ಮಾಡ್ಬೇಕು. ಬೇರೆ ಎಲ್ಲ ಮುಚ್ಚಿ ಕೂತ್ಕೊಳ್ಬೇಕು. ಹ್ಯಾಂಗ್ ಆಗುದಿಲ್ಲ, ಹೆದರುದು ಬೇಡ."

ನನಗೆ ಡಿಫ್ರಾಗ್ ಎಂದರೆ ಏನೆಂದೇ ಗೊತ್ತಿರಲಿಲ್ಲ. ಅವರು ಮಾತಾಡುತ್ತಿದ್ದದ್ದು ನನ್ನೊಂದಿಗಲ್ಲ, ಸೂರಿನೊಂದಿಗೆ. ಹೋಗುವಾಗ ಟವೆಲನ್ನು ನೀಟಾಗಿ ಮಡಚಿ ಕುರ್ಚಿಯ ಮೇಲಿಟ್ಟರು. ಅವರ ಕಾರು ಕ್ರ್ಯಾನ್‌ಬರಿಯ ಕಡೆ ತಿರುಗಿದ ಮೇಲೆ ಇವರು ಕೆಳಗಿಳಿದರು. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಪರೀಕ್ಷೆಯ ದಿನ ಕಂಪ್ಯೂಟರ್ ಎಲ್ಲೂ ನಿಲ್ಲಲಿಲ್ಲ. ಕೆಲಸ ಮಾತ್ರ ಬರಲಿಲ್ಲ. ತಪ್ಪನ್ನು ಕಂಪ್ಯೂಟರಿನ ಮೇಲೆ ಹಾಕೋಣವೆಂದರೆ ಆ ನೆಪವೂ ಉಳಿದಿರಲಿಲ್ಲ. ಆ ವಾರ ಮೆಟ್ಟಿಲ ಮೇಲೆ ಇವರ ಹೆಜ್ಜೆ ಬಹಳ ನಿಧಾನ. ಕೆಳಗೆ ಆ ಹಳೆಯ ಡಬ್ಬ ಮಾತ್ರ ಗುಂಡಿ ಒತ್ತುವುದರೊಳಗೆ ಎದ್ದು ಕೂರುತ್ತಿತ್ತು. ಅದರ ಚುರುಕು ಕಂಡರೆ ನನಗೆ ಒಮ್ಮೊಮ್ಮೆ ಸಿಟ್ಟು ಬರುತ್ತಿತ್ತು.

ಅದೇ ಬೇಸಿಗೆಯಲ್ಲಿ ಆಂಟಿಯ ಕಂಪನಿ ತನ್ನ ಆಫೀಸನ್ನು ದಕ್ಷಿಣದ ಬೇರೆ ರಾಜ್ಯಕ್ಕೆ ಒಯ್ದಿತು. ಬರುವವರು ಬರಬಹುದು ಎಂದರಂತೆ. ಆಂಟಿ ಹೊರಟರು. ಮಂಗಳವಾರ ಬೆಳಿಗ್ಗೆ ಅವರ ಮನೆಯ ಮುಂದೆ ಬಾಡಿಗೆ ಟ್ರಕ್ಕು ನಿಂತಿತ್ತು. ಚಿತ್ರಾನ್ನದ ಡಬ್ಬಿ ಹಿಡಿದು ನಾನು ಚಪ್ಪಲಿ ಮೆಟ್ಟುತ್ತಿದ್ದಾಗ ಹಿಂದಿನಿಂದ ಇವರ ದನಿ ಬಂತು. "ತಡಿ, ನಾನೂ ಬರ್ತೀನಿ."

ಪೈಜಾಮದಲ್ಲೇ ಬಂದರು. ಹಾಡುಹಗಲು, ಬೀದಿಯಲ್ಲಿ ಬಿಸಿಲು. ಮಗುವಿನ ಸ್ಟ್ರಾಲರ್ ತಳ್ಳಿಕೊಂಡು ಹೋಗುತ್ತಿದ್ದ ಗುಜರಾತಿ ಅಜ್ಜಿ ನಿಂತು ನೋಡಿದಳು.

ಆಂಟಿ ಸೊಂಟಕ್ಕೆ ಕೈಯಿಟ್ಟು ಇವರನ್ನು ಮೇಲಿನಿಂದ ಕೆಳಗೆ ನೋಡಿದರು. "ಇವರು ಶ್ರೀಧರ್ ಅಲ್ವಾ? ಸೀನಿನ ಪರಿಚಯ ಉಂಟು. ಮುಖ ಕಂಡದ್ದು ಈಗ."

ನಾನು ತಕ್ಷಣ ಹೇಳಿಬಿಟ್ಟೆ, "ಇವತ್ತು ರಜ ಹಾಕಿದ್ದಾರೆ ಆಂಟಿ."

"ಹೌದಾ? ಒಳ್ಳೇದಾಯ್ತು," ಎಂದರು ಆಂಟಿ, ಟವೆಲ್ ಇಳಿಬಿಡುವಷ್ಟೇ ಸಲೀಸಾಗಿ.

"ರಜ ಅಲ್ಲ," ಎಂದರು ಇವರು. "ಕೆಲಸ ಹೋಗಿದೆ ಆಂಟಿ. ಚಳಿಗಾಲದಲ್ಲೇ ಹೋಯ್ತು."

ಹೊರಗಿನವರ ಮುಂದೆ ಆ ಮಾತನ್ನು ಅವರು ಆಡಿದ್ದು ಅದೇ ಮೊದಲು. ನಾನು ನೆಲ ನೋಡುತ್ತಿದ್ದೆ. ಡಬ್ಬಿಯ ಬಿಸಿ ಅಂಗೈಗೆ ತಾಗುತ್ತಿತ್ತು.

"ಹಾಗಾದ್ರೆ ನಿಮಗೆ ಅವಸರ ಇಲ್ಲ," ಎಂದರು ಲಿಲ್ಲಿ ಆಂಟಿ, ಇಡೀ ಬೀದಿಗೆ ಕೇಳುವ ಅದೇ ದನಿಯಲ್ಲಿ. "ಸೋಫಾದ ಆ ತುದಿ ಹಿಡೀರಿ. ಬಾಗಿಲಲ್ಲಿ ಜಾಗ್ರತೆ, ಕೈ ತಾಗ್ತದೆ."