ಅಜ್ಜಿಗೆ ತಿಳಿಯೋ ಹಂಗೆ ಹೇಳು

ಹೆಬ್ಬಗೋಡಿ ಕಡೆಯ ಕಾಲೇಜಿನ ಆ ಪ್ರಿನ್ಸಿಪಾಲ್ ಮೇಡಂ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದ್ದಾರೆ. ಏನು ಕೇಳಿದರೂ ಕನ್ನಡಕ ತಲೆಗೇರಿಸಿ, "ತಡೀರಿ, ನೋಡೋಣ" ಅನ್ನೋರು.

ನನ್ನ ಮೊಮ್ಮಗಳು ಹೈಸ್ಕೂಲಿಗೆ ಹೋಗದೆ ಮನೆಯಲ್ಲೇ ಓದಿ ಹತ್ತನೇ ಕ್ಲಾಸು ಪಾಸಾದವಳು. ಸೈನ್ಸ್ ಸೀಟು ಸಿಗುತ್ತಾ ಅಂದಾಗಲೂ ಅದೇ ಮಾತು. ಆಮೇಲೆ ಅವಳಿಗೆ, "ಬ್ರೇಕ್ ಹಾಕಿದ್ರೆ ಬಸ್ಸಲ್ಲಿರೋರು ಯಾಕೆ ಮುಂದಕ್ಕೆ ಬೀಳ್ತಾರೆ? ಅಜ್ಜಿಗೆ ತಿಳಿಯೋ ಹಂಗೆ ಹೇಳು" ಅಂದ್ರು.

ಅವಳು ಪುಸ್ತಕದಲ್ಲಿದ್ದ ಹಾಗೇ ಒಪ್ಪಿಸಿದಳು. ತಿಳೀತು ಅಂತ ಸುಳ್ಳು ಹೇಳೋಕೆ ನನಗೆ ಮನಸ್ಸು ಬರಲಿಲ್ಲ.

"ತಿಳೀಲಿಲ್ಲ ಮೇಡಂ" ಅಂದೆ. ಸೀಟು ಹೋಯ್ತು ಅಂದ್ಕೊಂಡೆ.

"ತಡೀರಿ, ನೋಡೋಣ. ಇನ್ನೊಂದ್ಸಲ ಹೇಳಮ್ಮ."

ಮೊಮ್ಮಗಳು ನನ್ನ ಕೈ ಹಿಡಿದಳು. "ಅಜ್ಜಿ, ಬಸ್ಸು ನಿಂತಿದ್ದು ನಿನ್ನ ಕಾಲಿಗೆ ಗೊತ್ತಾಯ್ತು. ಮೈ ಮಾತ್ರ ಇನ್ನೂ ಓಡ್ತಾನೇ ಇದೆ!"

"ಅಯ್ಯೋ, ಅದಕ್ಕಾ ನಾನು ಕಂಡಕ್ಟರ್ ಮೇಲೆ ಬಿದ್ದಿದ್ದು!"

ಮೇಡಂ ಬಿದ್ದು ಬಿದ್ದು ನಕ್ಕು, "ಸೀಟು ಕೊಟ್ಟೆ, ಸೋಮವಾರ ಬಾ" ಅಂದ್ರು. ಆ ಖುಷಿಗೆ ವಾಪಸ್ ಬರುವಾಗ ಬಸ್ಸಿನಲ್ಲಿದ್ದವರಿಗೆಲ್ಲ ನಾನೇ ಪಾಠ ಮಾಡಿದೆ.