ಬೇವಿನ ಗಿಡಕ್ಕೆ ಒಂದು ಕೊಡ ನೀರು

ಹೊರಕೆರೆದೇವಪುರದ ಸ್ವಾಮಿಯನ್ನು ನಂಬಿದ ಎಲ್ಲರಿಗೂ ನನ್ನ ನಮಸ್ಕಾರ. ನಾನು ಬರಹಗಾರನಲ್ಲ. ಬೇರೆಯವರ ಮಾತನ್ನು ಕೇಳಿ ಬರೆದುಕೊಳ್ಳುವುದು ನನ್ನ ಉದ್ಯೋಗವಾಗಿತ್ತು. ಎಪ್ಪತ್ತಮೂರನೆಯ ಇಸವಿಯ ಬೇಸಿಗೆಯಲ್ಲಿ ಅದೂ ಕೈಕೊಟ್ಟಿತು.

ಆಗ ನಾನು ಹೊಸದುರ್ಗದ ಕಡೆ ಒಂದು ಊರಿನಲ್ಲಿ ಪೋಸ್ಟ್ ಮಾಸ್ಟರ್. ಟೆಲಿಗ್ರಾಂ ಕಳಿಸುವವನೂ ನಾನೇ, ತೆಗೆದುಕೊಳ್ಳುವವನೂ ನಾನೇ. ಹೊಳಲ್ಕೆರೆಯಿಂದ ಬಂದ ಒಂದೇ ತಂತಿಗೆ ನಾಲ್ಕು ಆಫೀಸುಗಳು ಸೇರಿದ್ದವು, ನಮ್ಮದು ಕೊನೆಯದು. ಒಬ್ಬರು ಯಂತ್ರದ ಕೀ ಬಡಿದರೆ ನಾಲ್ವರ ಮೇಜಿನ ಮೇಲೂ ಕಟಕಟ ಸದ್ದಾಗಬೇಕು. ಪ್ರತಿ ಆಫೀಸಿಗೂ ಎರಡಕ್ಷರದ ಕರೆ ಇತ್ತು. ನಮ್ಮ ಕರೆ ಬಂದರೆ ನಾನು ಊಟದ ಎಲೆ ಬಿಟ್ಟು ಎದ್ದು ಬರುತ್ತಿದ್ದೆ. ನನ್ನ ಕಿವಿಯ ಮೇಲೆ ನನಗೆ ಜಂಬವಿತ್ತು, ಮೂಗಿನ ತುದಿಯಲ್ಲಿ ಕೋಪವಿತ್ತು.

ಆ ಬೇಸಿಗೆ ಏಳು ವರ್ಷದ ಮಗಳು ಪದ್ಮಳಿಗೆ ಟೈಫಾಯ್ಡ್ ಆಯಿತು. ಹೆಂಡತಿ ಸರೋಜ ಅವಳನ್ನು ಕರೆದುಕೊಂಡು ಬಸ್ಸಿನಲ್ಲಿ ಚಿತ್ರದುರ್ಗದ ಆಸ್ಪತ್ರೆಗೆ ಹೋದಳು. ಅಲ್ಲಿ ನನ್ನ ಭಾವಮೈದನಿದ್ದ. ಬಸ್ಸು ಹತ್ತುವಾಗ ಸರೋಜ, "ನೀವು ಗಾಬರಿ ಮಾಡ್ಕಬ್ಯಾಡ್ರಿ. ನೀವು ಬರಲೇಬೇಕು ಅಂತಾದ್ರೆ ಟೆಲಿಗ್ರಾಂ ಕೊಡಿಸ್ತೀನಿ" ಅಂದಳು. ಪೋಸ್ಟ್‌ಮ್ಯಾನ್ ಬಿಟ್ಟರೆ ಆಫೀಸಿಗೆ ನಾನೊಬ್ಬನೇ, ಬದಲಿ ಜನವಿಲ್ಲ. ಹೂಂ ಅಂದೆ.

ಬುಧವಾರ ಯಂತ್ರ ಮೂಕವಾಯಿತು.

ಕೀ ಉಜ್ಜಿದೆ. ಬ್ಯಾಟರಿ ಬದಲಾಯಿಸಿದೆ. ಸ್ಕ್ರೂಗಳನ್ನೆಲ್ಲ ಬಿಚ್ಚಿ ಮತ್ತೆ ಬಿಗಿದೆ. ಏನೂ ಇಲ್ಲ. ಗುರುವಾರ ಬೆಳಗಿನ ಬಸ್ಸಿನ ಕಂಡಕ್ಟರ್ ಹೊಳಲ್ಕೆರೆ ಆಫೀಸಿನವರ ಚೀಟಿ ತಂದುಕೊಟ್ಟರು: "ನಿಮ್ಮದು ಕ್ಷೀಣವಾಗಿ ಕೇಳಿಸುತ್ತಿದೆ. ನಾವು ಕರೆದರೆ ನೀವು ಓಗೊಡುತ್ತಿಲ್ಲ." ರಜೆ ಕೇಳಿ ಕಳಿಸಿದ್ದೆ, ಅದರ ಉತ್ತರವೂ ಅದೇ ತಂತಿಯಲ್ಲಿ ಬರಬೇಕು. ಲೈನ್‌ಮನ್ ಹಿರಿಯೂರು ಕಡೆ ಬಿದ್ದ ಕಂಬಗಳ ಕೆಲಸಕ್ಕೆ ಹೋಗಿದ್ದ.

ಸುದ್ದಿ ಇಲ್ಲದಿದ್ದರೆ ಒಳ್ಳೆಯದೇ ಸುದ್ದಿ ಅನ್ನುತ್ತಾರೆ. ಯಂತ್ರವೇ ಸತ್ತಿರುವಾಗ ಹಾಗೆ ಅಂದುಕೊಳ್ಳುವುದು ಹೇಗೆ? ಮಗಳು ಎದ್ದು ಗಂಜಿ ಕುಡಿದಿರಬಹುದು. ಅಥವಾ ಸರೋಜ ಬಾಗಿಲು ನೋಡುತ್ತ, ಇವರು ಯಾಕೆ ಇನ್ನೂ ಬರಲಿಲ್ಲ ಎಂದು ಅಳುತ್ತಿರಬಹುದು. ಎರಡೂ ನನ್ನ ಮೇಜಿನ ಮೇಲೆ ಒಂದೇ ಥರ ಇದ್ದವು. ಹೋಗೋಣವೆಂದು ಎರಡು ಸಲ ಬಾಗಿಲಿಗೆ ಬೀಗ ಹಾಕಿದೆ, ನೌಕರಿ ನೆನೆದು ಎರಡು ಸಲವೂ ತೆಗೆದೆ. ಅಂಥ ಹೇಡಿ ನಾನು. ಶುಕ್ರವಾರ ಯಂತ್ರದ ಮೇಲೆ ತಲೆಯಿಟ್ಟು, "ಹೊರಕೆರೆದೇವಪುರದ ಸ್ವಾಮಿ, ನನಗೆ ಬೇರೇನೂ ಬೇಡ. ಒಂದೇ ಒಂದು ಅಕ್ಷರ ಕೇಳಿಸು" ಎಂದು ಅತ್ತುಬಿಟ್ಟೆ.

ಆಫೀಸಿನ ಕಸ ಗುಡಿಸುವ ಸಿದ್ದಮ್ಮ ಬಾಗಿಲಲ್ಲಿ ನಿಂತಿದ್ದರು. ಆಕೆಯ ವಿಷಯ ಇಲ್ಲೇ ಹೇಳಬೇಕು. ದಿನಾ ಬೆಳಿಗ್ಗೆ ದೇವರ ಹೆಸರು ಹೇಳಿ ಹಿತ್ತಲ ಬೇವಿನ ಗಿಡಕ್ಕೆ ಒಂದು ಕೊಡ ನೀರು ಹಾಕುವುದು ಆಕೆಯ ಪದ್ಧತಿ. ತಿಂಗಳ ಹಿಂದೆ ನಾನು, "ಗೋಡೆ ನೆಂದು ಬಿದ್ದರೆ ನೀನು ಕಟ್ಟಿಸಿಕೊಡ್ತೀಯಾ?" ಎಂದು ರೇಗಿ ಅದನ್ನು ನಿಲ್ಲಿಸಿದ್ದೆ. ನನಗಿಂತ ಇಪ್ಪತ್ತು ವರ್ಷ ದೊಡ್ಡವರಿಗೆ ನಾನು ಆಡಿದ ಮಾತು ಅದು. ಆಕೆ ಕೊಡ ಕೆಳಗಿಟ್ಟು ಪೊರಕೆ ಹಿಡಿದಿದ್ದರು.

ಶುಕ್ರವಾರ ನನ್ನ ಅಳು ಕಂಡ ಸಿದ್ದಮ್ಮ ಸಂಜೆ ಬಸ್ಸಿಗೆ ಹೊರಕೆರೆದೇವಪುರಕ್ಕೆ ಹೋದರು. ನನಗೆ ಹೇಳಲೂ ಇಲ್ಲ. ಶನಿವಾರ ಬೆಳಗಿನ ಬಸ್ಸಿಗೆ ಹಿಂತಿರುಗಿ, ಹಣೆಯಲ್ಲಿ ಕುಂಕುಮವಿಟ್ಟುಕೊಂಡು ನೇರ ಆಫೀಸಿಗೆ ಬಂದರು.

"ಮಾಸ್ಟ್ರೇ, ಬೈಯಂಗಿದ್ರೆ ಬೈರಿ. ಮಗಾ ಉಳೀಲಿ, ಗಿಡಕ್ಕೆ ಮತ್ತೆ ನೀರು ಹಾಕ್ತೀನಿ ಅಂತ ಸ್ವಾಮಿ ತಾವ ಹೇಳ್ಕಂಡು ಬಂದೀನಿ."

ನನಗೆ ಬೈಯುವ ತ್ರಾಣವಿರಲಿಲ್ಲ. "ಏನಾದ್ರೂ ಮಾಡಮ್ಮ" ಅಂದೆ.

ತಿಂಗಳ ಬಾಕಿಯೆಂದು ಆಕೆ ಮೂರು ಕೊಡ ಹಾಕಿದರು. ಒಣಗಿದ ನೆಲ ನೀರು ಕುಡಿಯುವ ಸದ್ದು ಕಿಟಕಿಗೆ ಕೇಳುತ್ತಿತ್ತು. ಕಾಲು ಗಂಟೆಯಾಗಿರಬೇಕು. ಮೇಜಿನ ಮೇಲೆ ಯಂತ್ರ ಒಮ್ಮೆ ಕೆಮ್ಮಿದ ಹಾಗಾಯಿತು. ಆಮೇಲೆ ಕಟಕಟ. ನಮ್ಮ ಎರಡಕ್ಷರ. ಮತ್ತೆ ನಮ್ಮ ಎರಡಕ್ಷರ.

ಪೆನ್ಸಿಲ್ ಹಿಡಿದೆ. ಮೊದಲು ಬಂದದ್ದು ವಿಳಾಸ, ಅದು ನನ್ನದೇ ಹೆಸರು. "ಪದ್ಮಳಿಗೆ ರಕ್ತ ಬೇಕು. ತಾಯಿಯದು, ಮಾವನದು ಹೊಂದುತ್ತಿಲ್ಲ. ಕೂಡಲೇ ಹೊರಟು ಬನ್ನಿ." ಹೊಳಲ್ಕೆರೆಯವರಿಗೆ ಅದು ಮುಟ್ಟಿದ್ದು ಬೆಳಗಿನ ಬಸ್ಸು ಹೊರಟ ಮೇಲೆ. ಯಂತ್ರ ಮೂಕವಾಗಿಯೇ ಇದ್ದು ಕೈಯಲ್ಲಿ ಕಳಿಸಬೇಕಾಗಿದ್ದರೆ ಸಂಜೆಯ ಬಸ್ಸೇ ಗತಿಯಾಗಿತ್ತು.

ಬೀಗದ ಕೈ ಪೋಸ್ಟ್‌ಮ್ಯಾನ್‌ಗೆ ಕೊಟ್ಟು, ಹೊಸದುರ್ಗದಿಂದ ವಾಪಸು ಬಂದ ಹನ್ನೊಂದರ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಸ್ವಾಮಿಯ ಹೆಸರು ಬಿಟ್ಟರೆ ಬೇರೇನೂ ಬಾಯಿಗೆ ಬರಲಿಲ್ಲ. ಆಸ್ಪತ್ರೆಯಲ್ಲಿ ಮಗಳು ಸುಣ್ಣದಂತೆ ಬಿಳುಚಿಕೊಂಡು ಮಲಗಿದ್ದಳು. ನನ್ನ ರಕ್ತ ಹೊಂದಿತು. ಮಾರನೆಯ ದಿನ ಡಾಕ್ಟರು, "ನೀವು ನಿನ್ನೆ ಸಂಜೆಯ ತನಕ ತಡಮಾಡಿದ್ದರೆ ಏನು ಹೇಳುತ್ತಿದ್ದೆನೋ" ಅಂದರು. ಸರೋಜ ರಕ್ತ ತೆಗೆದ ನನ್ನ ತೋಳಿನ ಹತ್ತಿಗೆ ಮುಖವಿಟ್ಟು ಅತ್ತಳು.

ಊರಿಗೆ ಮರಳಿದ ಮೇಲೆ ಲೈನ್‌ಮನ್ ವಿವರ ಹೇಳಿದ. "ತಂತಿ ಒಂದೇ ಅಲ್ವಾ ಸಾರ್? ಕರೆಂಟು ವಾಪಸ್ ಹೋಗಾದು ನೆಲದಾಗೆ. ಅದಕ್ಕೆ ಹೂತಿರೋ ತಗಡು ಆ ಬೇವಿನ ಬುಡದಾಗೇ ಐತೆ. ನೆಲ ಒಣಗಿದ್ರೆ ಎಲ್ಲಾ ಬಂದ್."

ಹಾಗಾದರೆ ಇದರಲ್ಲಿ ದೇವರದೇನು ಎಂದು ಕೆಲವರು ಕೇಳಿದ್ದಾರೆ. ಆ ನೆಲದ ಹಸಿಯನ್ನು ಒಣಗಿಸಿದ್ದು ನನ್ನ ನಾಲಿಗೆ. ನಾನು ಬೇಡಿದ ಒಂದು ಅಕ್ಷರವನ್ನು ಸ್ವಾಮಿ ನಾನು ಬೈದವರ ಕೈಯಲ್ಲೇ ಕೊಡಿಸಿದ. ಇದಕ್ಕಿಂತ ಹೆಚ್ಚಿನ ಸಾಕ್ಷಿ ನನಗೆ ಬೇಕಿಲ್ಲ. ಸಿದ್ದಮ್ಮನ ಕಾಲಿಗೆ ಬಿದ್ದಾಗ ಆಕೆ, "ನಾನು ಗಿಡಕ್ ಹಾಕಿದ್ದು, ಏಳ್ರಿ ಮ್ಯಾಕೆ" ಅಂದರು.

ಎರಡು ವರ್ಷದ ಮೇಲೆ ವರ್ಗವಾಯಿತು. ಹೊಸಬರಿಗೆ ಚಾರ್ಜ್ ಕೊಡುವ ಪಟ್ಟಿಯಲ್ಲಿ ಗಡಿಯಾರ, ತಕ್ಕಡಿ, ಮೊಹರು ಎಲ್ಲ ಬರೆದು ಕೊನೆಗೆ, "ಬೇವಿನ ಗಿಡ ಒಂದು. ದಿನಕ್ಕೆ ಒಂದು ಕೊಡ ನೀರು" ಎಂದು ಸೇರಿಸಿದೆ. "ಇದ್ಯಾಕ್ರೀ ಇದ್ರಾಗೆ?" ಎಂದು ಅವರು ನಕ್ಕರು. ನಾನು ಹಿಂದಿನ ಕಿಟಕಿ ತೆಗೆದೆ. ಪದ್ಮ ಕೊಡ ಎತ್ತಲಾರದೆ ಚೊಂಬಿನಲ್ಲಿ ಮೊಗೆದು ಮೊಗೆದು ಗಿಡಕ್ಕೆ ಹಾಕುತ್ತಿದ್ದಳು. ಪಕ್ಕದಲ್ಲಿ ಸಿದ್ದಮ್ಮ, "ಬುಡಕ್ಕೆ ಹಾಕವ್ವ, ಗೋಡೆ ನೆಂದ್ರೆ ನಿಮ್ಮಪ್ಪ ಬೈತಾನೆ" ಅನ್ನುತ್ತಿದ್ದರು.

ನಡೆದದ್ದನ್ನೆಲ್ಲ ಹೇಳಿದೆ. ಹೊಸ ಮಾಸ್ಟರು ಪೆನ್ನು ತೆಗೆದು ಪಟ್ಟಿಗೆ ಸಹಿ ಮಾಡಿದರು.