ಸಕ್ಕರೆ ಇಲ್ಲದ ಮೀಠಾ ಪಾನಿ

ಗುರುಗ್ರಾಮದ ನಮ್ಮ ಫ್ಲ್ಯಾಟಿನ ಹಿಂದಿರುವ ಕೊಳದ ಅಂಚಿನಲ್ಲಿ ಇವತ್ತು ಬಿಳಿ ಪುಡಿ ಕಂಡಿತು. ಬೆರಳಿಗೆ ಹತ್ತಿಸಿಕೊಂಡು ನಾಲಿಗೆಗೆ ತಾಗಿಸಿದೆ. ಉಪ್ಪು!

ಚಿಕ್ಕಂದಿನಲ್ಲಿ ಭಾನುವಾರ ಬಂತೆಂದರೆ ಅಪ್ಪ ನನ್ನನ್ನು ಇದೇ ಕೊಳಕ್ಕೆ ಕರೆತರುತ್ತಿದ್ದರು. ಒಮ್ಮೆ ಎಮ್ಮೆ ಕಾಯುವ ಅಜ್ಜ ದಡದ ಕೈಪಂಪು ಒತ್ತಿ, "ಪೀ ಲೋ ಬೇಟಾ, ಮೀಠಾ ಪಾನಿ ಹೈ" ಎಂದು ಸಿಹಿನೀರು ಕುಡಿಯಲು ಕರೆದರು. ಗಟಗಟನೆ ಕುಡಿದು ಮುಖ ಸಿಂಡರಿಸಿದೆ.

"ಅಪ್ಪಾ, ಸಕ್ಕರೇನೇ ಹಾಕಿಲ್ಲ!"

ಅಪ್ಪ ಕನ್ನಡಕ ಒರೆಸುತ್ತ ನಕ್ಕರು. "ಉಪ್ಪಿಲ್ಲದ ನೀರನ್ನೇ ಸಿಹಿನೀರು ಅನ್ನೋದು ಪುಟ್ಟಿ. ಬೇಕಾದ್ರೆ ಕಪ್ಪೆಗಳನ್ನ ಕೇಳು."

ನಾನು ನಿಜವಾಗಿಯೂ ಕೇಳಿದ್ದೆ. ವಟವಟ ಎಂದು ಉತ್ತರವೂ ಬಂದಿತ್ತು.

ಇವತ್ತು ಇದನ್ನೆಲ್ಲ ಮಗಳಿಗೆ ಹೇಳಿದೆ. ಕಪ್ಪೆಗಳ ಸದ್ದೇ ಇಲ್ಲದ ಕೊಳವನ್ನು ಅವಳು ಬಗ್ಗಿ ನೋಡಿದಳು.

"ಅಚ್ಛಾ ಅಮ್ಮಾ, ನೀರಿನ ಉಪ್ಪು ತೆಗೆಯೋಕೆ ನಮ್ಮನೇಲಿ ಆರ್‌ಒ ಫಿಲ್ಟರ್ ಇದೆ. ಕಪ್ಪೆಗಳ ಮನೇಲಿ?"